ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರಿನ ದುರಸ್ತಿ, ಟ್ಯೂನಿಂಗ್ ಮತ್ತು ಉನ್ನತೀಕರಣ

ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಎಂಬುದು ಜಪಾನಿನ ಮಾಜ್ದಾ ಕಂಪನಿಯು 1989ರಿಂದ 1997ರವರೆಗೆ ತಯಾರಿಸಿದ, ಎರಡು ಆಸನಗಳ, ಮಡಚುವ ಮೇಲ್ಛಾವಣಿಯ ಹಗುರ ಸ್ಪೋರ್ಟ್ಸ್ ಕಾರು. ಇದರ ಕಾರ್ಖಾನೆ ಸಂಕೇತ ಎನ್‌ಎ. ಜಪಾನಿನಲ್ಲಿ ಇದು ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿಯೂ ಉತ್ತರ ಅಮೆರಿಕದಲ್ಲಿ ಎಂಎಕ್ಸ್-5 ಮಿಯಾಟಾ ಎಂಬ ಹೆಸರಿನಲ್ಲಿಯೂ ಮಾರಾಟವಾಯಿತು. ಈ ತಲೆಮಾರಿನ 4 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅವುಗಳಲ್ಲಿ ಕೊನೆಯದಾಗಿ ತಯಾರಾದ ಕಾರಿಗೂ ಈಗ ಕಾಲು ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿದೆ. ಸರಳ ರಚನೆ, ಸುಲಭವಾಗಿ ದೊರೆಯುವ ಬಿಡಿಭಾಗಗಳು ಮತ್ತು ಬಲವಾದ ಎಂಜಿನ್‌ನ ಕಾರಣದಿಂದ ಹವ್ಯಾಸಿಗಳು ತಾವೇ ರಿಪೇರಿ ಮಾಡಿ ಮಾರ್ಪಡಿಸುವ ಹಳೆಯ ಕಾರುಗಳಲ್ಲಿ ಇದು ಬಹಳ ಜನಪ್ರಿಯವಾಗಿದೆ.

ಹಳೆಯ ಸ್ಪೋರ್ಟ್ಸ್ ಕಾರಿನ ಮೇಲೆ ನಡೆಯುವ ಕೆಲಸವನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ. ಸವೆದ ಅಥವಾ ಕೆಟ್ಟ ಭಾಗಗಳನ್ನು ಮೂಲ ಸ್ಥಿತಿಗೆ ತರುವುದು ದುರಸ್ತಿ. ಇರುವ ಭಾಗಗಳನ್ನೇ ಸರಿಯಾಗಿ ಹೊಂದಿಸಿ ಅವುಗಳಿಂದ ಉತ್ತಮ ಫಲ ಪಡೆಯುವುದು ಟ್ಯೂನಿಂಗ್. ಮೂಲ ಭಾಗಗಳ ಬದಲಿಗೆ ಹೆಚ್ಚು ಸಾಮರ್ಥ್ಯದ ಭಾಗಗಳನ್ನು ಅಳವಡಿಸುವುದು ಉನ್ನತೀಕರಣ. ಈ ಮೂರೂ ಇದೇ ಕ್ರಮದಲ್ಲಿ ನಡೆಯುವುದು ಅವಶ್ಯಕ. ದುರಸ್ತಿಯಾಗದ ಕಾರನ್ನು ಟ್ಯೂನ್ ಮಾಡಿದರೆ ದೋಷವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಟ್ಯೂನ್ ಆಗದ ಎಂಜಿನ್‌ಗೆ ಟರ್ಬೊ ಜೋಡಿಸಿದರೆ ಅದೇ ದೋಷ ಎಂಜಿನ್ನನ್ನು ನಾಶಮಾಡಬಹುದು.

ಹಿನ್ನೆಲೆ

1960ರ ದಶಕದಲ್ಲಿ ಲೋಟಸ್ ಇಲಾನ್, ಎಂಜಿಬಿ ಮೊದಲಾದ ಬ್ರಿಟಿಷ್ ಹಗುರ ರೋಡ್‌ಸ್ಟರ್‌ಗಳು ಜನಪ್ರಿಯವಾಗಿದ್ದವು. 1980ರ ದಶಕದ ವೇಳೆಗೆ ಆ ಬಗೆಯ ಕಾರುಗಳು ಮಾರುಕಟ್ಟೆಯಿಂದ ಬಹುತೇಕ ಮರೆಯಾದವು. ಅಂಥ ಕಾರನ್ನು ಮತ್ತೆ ತಯಾರಿಸಬೇಕೆಂದು ಅಮೆರಿಕದ ಮೋಟಾರು ಪತ್ರಕರ್ತ ಬಾಬ್ ಹಾಲ್, ಮಾಜ್ದಾದ ಕೆನಿಚಿ ಯಮಮೊಟೊ ಅವರಿಗೆ ಸಲಹೆ ನೀಡಿದರು. ಹಾಲ್ ಮುಂದೆ ಅಮೆರಿಕದಲ್ಲಿ ಮಾಜ್ದಾ ಕಂಪನಿಯನ್ನೇ ಸೇರಿದರು. ಯೋಜನೆಯ ನೇತೃತ್ವವನ್ನು ತೊಶಿಹಿಕೊ ಹಿರಾಯ್ ವಹಿಸಿದ್ದರು. ರೂಪ ವಿನ್ಯಾಸದಲ್ಲಿ ಟಾಮ್ ಮಟಾನೊ ಮತ್ತು ಶುಂಜಿ ತನಾಕ ಪ್ರಮುಖ ಪಾತ್ರ ವಹಿಸಿದರು. 1989ರ ಫೆಬ್ರವರಿಯಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾರು ಮೊದಲ ಬಾರಿಗೆ ಪ್ರದರ್ಶಿತವಾಯಿತು.

ವಿನ್ಯಾಸಕರು "ಜಿನ್ಬಾ ಇತ್ತಾಯ್" ಎಂಬ ಜಪಾನಿ ನುಡಿಯನ್ನು ಧ್ಯೇಯವಾಗಿ ಇರಿಸಿಕೊಂಡಿದ್ದರು. ಕುದುರೆ ಮತ್ತು ಸವಾರ ಒಂದೇ ದೇಹದಂತೆ ವರ್ತಿಸುವುದು ಎಂಬುದು ಇದರ ಅರ್ಥ. ಹೆಚ್ಚಿನ ಶಕ್ತಿಗಿಂತ ಕಡಿಮೆ ತೂಕ, ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಸಮನಾದ ಭಾರ ಹಾಗೂ ಸ್ಟೀರಿಂಗಿನ ಸ್ಪಷ್ಟ ಸ್ಪಂದನೆಗೆ ಪ್ರಾಶಸ್ತ್ಯ ನೀಡಲಾಯಿತು. ಕಾರಿನ ಮೇಲೆ ಮಾಡುವ ಯಾವುದೇ ಮಾರ್ಪಾಡಿನ ಗುಣದೋಷಗಳನ್ನು ಅಳೆಯಲು ಈ ಧ್ಯೇಯವೇ ಇಂದಿಗೂ ಅಳತೆಗೋಲಾಗಿದೆ.

ತಾಂತ್ರಿಕ ವಿವರಗಳು

ಆರಂಭದ ಕಾರುಗಳಲ್ಲಿ 1,597 ಘನ ಸೆಂಟಿಮೀಟರ್ ಗಾತ್ರದ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್ ಮತ್ತು ಎರಡು ಕ್ಯಾಮ್‌ಶಾಫ್ಟ್‌ಗಳ ಎಂಜಿನ್ ಇತ್ತು. ಸಿಲಿಂಡರಿನ ವ್ಯಾಸ 78 ಮಿ.ಮೀ., ಪಿಸ್ಟನ್ ಚಲಿಸುವ ದೂರ 83.6 ಮಿ.ಮೀ. ಮತ್ತು ಸಂಪೀಡನ ಅನುಪಾತ 9.4:1. ಅಮೆರಿಕದ ಆವೃತ್ತಿಯಲ್ಲಿ ಇದು 6,500 ಆರ್‌ಪಿಎಂ ವೇಗದಲ್ಲಿ 116 ಅಶ್ವಶಕ್ತಿ ನೀಡುತ್ತಿತ್ತು. 1993ರಲ್ಲಿ 1,839 ಘನ ಸೆಂಟಿಮೀಟರ್‌ನ, ಸಾಮಾನ್ಯವಾಗಿ 1.8 ಎಂದು ಕರೆಯಲಾಗುವ ಎಂಜಿನ್ ಬಂದಿತು. ಮೊದಲಿನ ಎಂಜಿನ್ನನ್ನು 1.6 ಎಂದು ಕರೆಯಲಾಗುತ್ತದೆ.

ಎಂಜಿನ್ ಮುಂಭಾಗದಲ್ಲಿ ಉದ್ದುದ್ದಕ್ಕೆ ಕುಳಿತಿದ್ದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳನ್ನು ಅಲ್ಯೂಮಿನಿಯಂ ಚೌಕಟ್ಟೊಂದು ಒಂದಕ್ಕೊಂದು ಬಿಗಿಯಾಗಿ ಜೋಡಿಸುತ್ತದೆ. ಇದರಿಂದ ಆಕ್ಸಿಲರೇಟರ್ ಒತ್ತಿದಾಗ ಚಾಲನಾ ಭಾಗಗಳು ಅಲುಗದೆ ಕಾರು ತಕ್ಷಣ ಪ್ರತಿಕ್ರಿಯಿಸುತ್ತದೆ. ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಮತ್ತು ಡಿಸ್ಕ್ ಬ್ರೇಕ್‌ಗಳಿವೆ. ಬಾನೆಟ್ ಅಲ್ಯೂಮಿನಿಯಂನದು. ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇರಿಸಲಾಗಿದೆ. ಆರಂಭದ ಕಾರುಗಳ ತೂಕ ಒಂದು ಟನ್ನಿಗಿಂತ ಕಡಿಮೆ.

ಪರಿಶೀಲನೆ ಮತ್ತು ದುರಸ್ತಿ

ತುಕ್ಕು

ಎಂಜಿನ್, ಗೇರ್‌ಬಾಕ್ಸ್ ಮತ್ತು ಬ್ರೇಕ್‌ಗಳನ್ನು ಬದಲಿಸಬಹುದು. ಆದರೆ ತುಕ್ಕು ತಿಂದ ದೇಹವನ್ನು ಬದಲಿಸುವುದು ಬಹಳ ಕಷ್ಟ. ಆದ್ದರಿಂದ ಪರಿಶೀಲನೆ ತುಕ್ಕಿನಿಂದ ಆರಂಭವಾಗುತ್ತದೆ. ಈ ಕಾರಿನಲ್ಲಿ ತುಕ್ಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಾಗಿಲುಗಳ ಕೆಳಗಿನ ಸಿಲ್ ಎಂಬ ಟೊಳ್ಳು ತೊಲೆಗಳ ಹಿಂಬದಿಯ ತುದಿಯಲ್ಲಿ ಮತ್ತು ಹಿಂದಿನ ಚಕ್ರದ ಕಮಾನುಗಳಲ್ಲಿ. ಬಟ್ಟೆಯ ಮೇಲ್ಛಾವಣಿಯ ಮೇಲೆ ಬೀಳುವ ಮಳೆನೀರು ಆಸನಗಳ ಹಿಂದಿರುವ ಎರಡು ಕೊಳವೆಗಳ ಮೂಲಕ ಕೆಳಗೆ ಹರಿದುಹೋಗುವಂತೆ ವಿನ್ಯಾಸಗೊಳಿಸಲಾಗಿದೆ. ಎಲೆ, ಧೂಳುಗಳಿಂದ ಕೊಳವೆ ಕಟ್ಟಿಕೊಂಡಾಗ ನೀರು ಉಕ್ಕಿ ಕಾರಿನ ಒಳಕ್ಕೂ ಸಿಲ್‌ನೊಳಕ್ಕೂ ಇಳಿಯುತ್ತದೆ. ಉಕ್ಕು ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಕಾಣಿಸುವ ವೇಳೆಗೆ ಒಳಭಾಗ ಸಾಕಷ್ಟು ಹಾಳಾಗಿರುತ್ತದೆ.

ಸಿಲ್ ಕೇವಲ ಅಲಂಕಾರದ ಭಾಗವಲ್ಲ. ಗಟ್ಟಿ ಮೇಲ್ಛಾವಣಿಯಿಲ್ಲದ ಕಾರಿನಲ್ಲಿ ದೇಹದ ಬಿಗಿತದ ಬಹುಪಾಲು ಈ ತೊಲೆಗಳಿಂದಲೇ ಬರುತ್ತದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ದುರಸ್ತಿಯಲ್ಲ. ಕೊಳೆತ ಲೋಹವನ್ನು ಪೂರ್ಣವಾಗಿ ಕತ್ತರಿಸಿ, ಹೊಸ ತಗಡನ್ನು ವೆಲ್ಡಿಂಗ್ ಮಾಡಿ, ಟೊಳ್ಳು ಭಾಗಕ್ಕೆ ಮೇಣದಂಥ ತುಕ್ಕುನಿರೋಧಕವನ್ನು ಸಿಂಪಡಿಸುವುದೇ ಸರಿಯಾದ ಕ್ರಮ. ನೀರಿನ ಕೊಳವೆಗಳನ್ನು ಕಾಲಕಾಲಕ್ಕೆ ಶುಚಿಗೊಳಿಸಿದರೆ ಈ ಖರ್ಚನ್ನೇ ತಪ್ಪಿಸಬಹುದು.

ಕ್ರ್ಯಾಂಕ್‌ಶಾಫ್ಟ್‌ನ ಮೂತಿ

1989ರಿಂದ 1991ರ ನಡುವೆ ತಯಾರಾದ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಮುಂತುದಿ ಮುಂದಿನ ಎಂಜಿನ್‌ಗಳಿಗಿಂತ ಗಿಡ್ಡದಾಗಿತ್ತು. ಟೈಮಿಂಗ್ ಬೆಲ್ಟಿನ ಹಲ್ಲುಚಕ್ರವನ್ನು ಶಾಫ್ಟಿಗೆ ಹಿಡಿದಿಡಲು ಒಂದು ಸಣ್ಣ ಲೋಹದ ಚಾವಿ ಮತ್ತು ಒಂದು ಬೋಲ್ಟ್ ಇರುತ್ತವೆ. ಬೆಲ್ಟ್ ಬದಲಿಸುವಾಗ ಈ ಬೋಲ್ಟನ್ನು ಬಿಚ್ಚಿ, ಮತ್ತೆ ನಿಗದಿತ ಬಲದಲ್ಲಿ ಬಿಗಿಯದಿದ್ದರೆ ಹಲ್ಲುಚಕ್ರ ಸೂಕ್ಷ್ಮವಾಗಿ ಅಲುಗಲಾರಂಭಿಸುತ್ತದೆ. ಕಾಲಕ್ರಮೇಣ ಚಾವಿ ಕುಳಿತಿರುವ ಗಾಡಿ ಸವೆದು ಅಗಲವಾಗುತ್ತದೆ. ಆಗ ಕ್ಯಾಮ್‌ಶಾಫ್ಟ್‌ಗಳ ಹೊಂದಾಣಿಕೆ ತಪ್ಪಿ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ ಮತ್ತು ಪುಲ್ಲಿ ಓಲಾಡುತ್ತದೆ.

ಕ್ರ್ಯಾಂಕ್ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಅದು ಸಾಮಾನ್ಯವಾಗಿ ಗಿಡ್ಡ ಮೂತಿಯ ಎಂಜಿನ್, ಎಂಟು ಸೀಳುಗಳಿದ್ದರೆ ಉದ್ದ ಮೂತಿಯದು. ಗಿಡ್ಡ ಮೂತಿಯ ಎಂಜಿನ್‌ಗಳೆಲ್ಲವೂ ಕೆಡುತ್ತವೆ ಎಂದಲ್ಲ. ಒಮ್ಮೆಯೂ ತಪ್ಪಾಗಿ ಜೋಡಿಸದ ಎಂಜಿನ್‌ಗಳು ದೀರ್ಘಕಾಲ ಬಾಳಿವೆ. ಸವೆತ ಅಲ್ಪವಾಗಿದ್ದರೆ ಹೊಸ ಚಾವಿ ಹಾಕಿ, ಲೋಹದ ನಡುವಿನ ಸಂದುಗಳನ್ನು ತುಂಬುವ ಗಟ್ಟಿಯಾಗುವ ಅಂಟಿನಿಂದ ಕೂರಿಸುವ ವಿಧಾನ ಬಳಕೆಯಲ್ಲಿದೆ. ಸವೆತ ಹೆಚ್ಚಾಗಿದ್ದರೆ ಕ್ರ್ಯಾಂಕ್‌ಶಾಫ್ಟ್ ಅಥವಾ ಇಡೀ ಎಂಜಿನ್ನನ್ನು ಬದಲಿಸಬೇಕಾಗುತ್ತದೆ. ಟಾರ್ಕ್ ಸ್ಪ್ಯಾನರ್ ಬಳಸದೆ ಅಂದಾಜಿನ ಮೇಲೆ ಬೋಲ್ಟ್ ಬಿಗಿದ ಒಂದು ತಪ್ಪು ಇಡೀ ಎಂಜಿನ್ನಿಗೆ ಕುತ್ತಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಟೈಮಿಂಗ್ ಬೆಲ್ಟ್ ಮತ್ತು ತೈಲ ಸೋರಿಕೆ

ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ರಬ್ಬರ್ ಬೆಲ್ಟನ್ನು 60,000 ಮೈಲಿ, ಅಂದರೆ ಸುಮಾರು 96,000 ಕಿ.ಮೀ.ಗೆ ಒಮ್ಮೆ ಬದಲಿಸಬೇಕು. ಹೆಚ್ಚು ಓಡದ ಕಾರುಗಳಲ್ಲಿಯೂ ರಬ್ಬರ್ ವಯಸ್ಸಿನಿಂದ ಒಣಗುವುದರಿಂದ ದೂರದ ಜೊತೆಗೆ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ತಲೆಮಾರಿನ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೂ ವಾಲ್ವ್‌ಗಳು ಪಿಸ್ಟನ್‌ಗೆ ತಾಗುವುದಿಲ್ಲ. ಎಂಜಿನ್ ನಿಂತುಹೋಗುತ್ತದೆ, ಆದರೆ ಒಡೆಯುವುದಿಲ್ಲ. ಬೆಲ್ಟಿನೊಂದಿಗೆ ವಾಟರ್ ಪಂಪ್, ಬೆಲ್ಟ್ ಬಿಗಿಗೊಳಿಸುವ ಚಕ್ರಗಳು ಹಾಗೂ ಕ್ಯಾಮ್ ಮತ್ತು ಕ್ರ್ಯಾಂಕ್‌ಶಾಫ್ಟ್‌ನ ಮುಂಭಾಗದ ಆಯಿಲ್ ಸೀಲ್‌ಗಳನ್ನೂ ಬದಲಿಸುವುದು ವಾಡಿಕೆ. ಇವೆಲ್ಲವನ್ನೂ ತಲುಪಲು ಬೇಕಾದ ಬಿಚ್ಚುವಿಕೆ ಒಂದೇ ಆಗಿರುತ್ತದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಕ್ರ್ಯಾಂಕ್‌ಶಾಫ್ಟ್‌ನ ಹಿಂಭಾಗದ ಸೀಲ್ ಹೋಗಿದೆ ಎಂದು ಭಾವಿಸುವುದು ಸಾಮಾನ್ಯ. ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಆದರೆ ಈ ಕಾರಿನಲ್ಲಿ ಅನೇಕ ವೇಳೆ ಸೋರಿಕೆಯ ಮೂಲ, ಸಿಲಿಂಡರ್ ಹೆಡ್ಡಿನ ಹಿಂಬದಿಯಲ್ಲಿರುವ ಕ್ಯಾಮ್ ಕೋನ ಸಂವೇದಕದ ಸಣ್ಣ ರಬ್ಬರ್ ಉಂಗುರ. ಅದು ಗಟ್ಟಿಯಾಗಿ ಎಣ್ಣೆಯನ್ನು ಬಿಡುತ್ತದೆ ಮತ್ತು ಎಣ್ಣೆ ಎಂಜಿನ್ನಿನ ಹಿಂಬದಿಯಲ್ಲಿ ಇಳಿದು ಕೆಳಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ನನ್ನು ತೊಳೆದು ಒಣಗಿಸಿ, ಸೋರಿಕೆಯನ್ನು ಮೇಲಿನಿಂದ ಕೆಳಕ್ಕೆ ಹುಡುಕುವ ಕ್ರಮವನ್ನು ಅನುಸರಿಸಲಾಗುತ್ತದೆ. ಸಂವೇದಕವನ್ನು ಬಿಚ್ಚುವ ಮೊದಲು ಅದರ ಸ್ಥಾನವನ್ನು ಗುರುತು ಮಾಡಿಕೊಳ್ಳಬೇಕು. ಇಗ್ನಿಷನ್ ಟೈಮಿಂಗ್ ಅದರ ಸ್ಥಾನವನ್ನು ಅವಲಂಬಿಸಿದೆ.

ಚಾಲೂ ಮಾಡಿದಾಗ ಸಿಲಿಂಡರ್ ಹೆಡ್ಡಿನಿಂದ ಕೇಳಿಬರುವ ಟಕಟಕ ಶಬ್ದಕ್ಕೆ ಸಾಮಾನ್ಯವಾಗಿ ಹೈಡ್ರಾಲಿಕ್ ಲಿಫ್ಟರ್‌ಗಳು ಕಾರಣ. ಇವು ಎಣ್ಣೆಯ ಒತ್ತಡದಿಂದ ವಾಲ್ವ್‌ನ ಸಂದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಎಣ್ಣೆ ಹಳತಾಗಿ ಅವುಗಳ ಕಿರಿದಾದ ದಾರಿ ಕಟ್ಟಿಕೊಂಡಾಗ ಶಬ್ದ ಬರುತ್ತದೆ. ಎಣ್ಣೆ ಮತ್ತು ಫಿಲ್ಟರ್ ಬದಲಾವಣೆಯಿಂದ ಇದು ಹಲವು ಬಾರಿ ಸರಿಹೋಗುತ್ತದೆ.

ತಂಪುಗೊಳಿಸುವ ವ್ಯವಸ್ಥೆ

ರೇಡಿಯೇಟರಿನ ಮೇಲ್ತೊಟ್ಟಿ ಪ್ಲಾಸ್ಟಿಕ್‌ನದು. ಹೊಸದಿದ್ದಾಗ ಕಪ್ಪಾಗಿರುವ ಅದು ವರ್ಷಗಳ ಶಾಖದಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬದಲಾಗುವುದು ಪ್ಲಾಸ್ಟಿಕ್ ಗಡುಸಾಗಿ ಸೀಳಲು ಸಿದ್ಧವಾಗಿರುವುದರ ಸೂಚನೆ. ಚಲಿಸುತ್ತಿರುವಾಗ ತೊಟ್ಟಿ ಸೀಳಿದರೆ ಕೂಲಂಟ್ ಕೆಲವೇ ನಿಮಿಷಗಳಲ್ಲಿ ಖಾಲಿಯಾಗಿ, ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಬಹುದು. ಆದ್ದರಿಂದ ಕಂದುಗಟ್ಟಿದ ರೇಡಿಯೇಟರನ್ನು ಸೋರುವ ಮೊದಲೇ ಬದಲಿಸಲಾಗುತ್ತದೆ. ರಬ್ಬರ್ ಹೋಸ್‌ಗಳು, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಮುಚ್ಚಳವನ್ನೂ ಅದೇ ವೇಳೆಗೆ ಹೊಸದಾಗಿ ಹಾಕಲಾಗುತ್ತದೆ.

ಕ್ಲಚ್, ಬ್ರೇಕ್ ಮತ್ತು ಸಸ್ಪೆನ್ಷನ್

ಕ್ಲಚ್ ಪೆಡಲ್ ನೆಲಕ್ಕೆ ಇಳಿದು ಮೇಲೆ ಬಾರದಿದ್ದರೆ ಅಥವಾ ಗೇರ್ ಬೀಳುವುದು ಕಷ್ಟವಾದರೆ ಮೊದಲು ಕ್ಲಚ್‌ನ ಸ್ಲೇವ್ ಸಿಲಿಂಡರನ್ನು ನೋಡಬೇಕು. ಅದರ ರಬ್ಬರ್ ಸೀಲ್ ಸವೆದು ಸೋರುವುದು ಈ ಕಾರಿನ ಪರಿಚಿತ ದೋಷ. ಗೇರ್ ಲಿವರಿನ ಬುಡದ ರಬ್ಬರ್ ಹೊದಿಕೆ ಹರಿದರೆ ಕೆಳಗಿನ ಬಿಸಿ ಗಾಳಿ ಮತ್ತು ಶಬ್ದ ಒಳಕ್ಕೆ ನುಗ್ಗುತ್ತವೆ. ಗೇರ್ ಬದಲಾವಣೆಯೂ ಸಡಿಲವಾಗುತ್ತದೆ.

ಬ್ರೇಕ್‌ಗಳಲ್ಲಿ ಕ್ಯಾಲಿಪರ್ ಜಾರುವ ಪಿನ್‌ಗಳು ತುಕ್ಕಿನಿಂದ ಹಿಡಿದುಕೊಳ್ಳುವುದು ಸಾಮಾನ್ಯ. ಆಗ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ ಮತ್ತು ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ದ್ರವ ಕಡಿಮೆ ಉಷ್ಣಾಂಶದಲ್ಲೇ ಕುದಿದು ಆವಿಗುಳ್ಳೆಗಳಾಗುತ್ತದೆ. ಆಗ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಆದಕಾರಣ ದ್ರವವನ್ನು ನಿಯತವಾಗಿ ಬದಲಿಸಬೇಕು.

ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್‌ಗಳು ಮೂರು ದಶಕಗಳಲ್ಲಿ ಒಣಗಿ ಬಿರಿದಿರುತ್ತವೆ. ಚಕ್ರದ ಕೋನ ಹೊಂದಿಸುವ ಬೋಲ್ಟ್‌ಗಳು ಬುಷ್‌ನ ಒಳಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುವುದೂ ಉಂಟು. ಹೀಗಾದಾಗ ಅವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಹೊಸ ರಬ್ಬರ್ ಬುಷ್‌ಗಳನ್ನು ಹಾಕಿದ ಮೇಲೆ ಕಾರಿನ ಭಾರ ಚಕ್ರಗಳ ಮೇಲೆ ಇರುವ ಸ್ಥಿತಿಯಲ್ಲಿಯೇ ಬೋಲ್ಟ್‌ಗಳನ್ನು ಕೊನೆಯದಾಗಿ ಬಿಗಿಯಬೇಕು. ಕಾರನ್ನು ಜ್ಯಾಕ್ ಮೇಲೆ ಎತ್ತಿಟ್ಟು ಬಿಗಿದರೆ, ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಬ್ಯಾಟರಿ ಮತ್ತು ಮೇಲ್ಛಾವಣಿ

ಬ್ಯಾಟರಿಯು ಡಿಕ್ಕಿಯೊಳಗಿನ ಮುಚ್ಚಿದ ಜಾಗದಲ್ಲಿ ಇರುವುದರಿಂದ ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಅನಿಲಕ್ಕೆ ದಾರಿ ಬೇಕು. ಕಾರ್ಖಾನೆಯಲ್ಲಿ ದ್ರವ ಚೆಲ್ಲದ ಬಗೆಯ ಬ್ಯಾಟರಿಯನ್ನು ಹಾಕಿ, ಅನಿಲವನ್ನು ಹೊರಬಿಡುವ ಕೊಳವೆಗಳನ್ನು ಜೋಡಿಸಲಾಗಿತ್ತು. ಅಗ್ಗದ ಸಾಮಾನ್ಯ ಬ್ಯಾಟರಿಯನ್ನು ಕೊಳವೆಯಿಲ್ಲದೆ ಇರಿಸಿದರೆ ಆಮ್ಲ ಚೆಲ್ಲಿ ಡಿಕ್ಕಿಯ ತಗಡು ತುಕ್ಕು ಹಿಡಿಯುತ್ತದೆ. ಅನಿಲ ಸಂಗ್ರಹವಾಗಿ ಸ್ಫೋಟದ ಅಪಾಯವೂ ಇದೆ. ಮೇಲ್ಛಾವಣಿಯ ಹಿಂದಿನ ಕಿಟಕಿ ಮೃದು ಪ್ಲಾಸ್ಟಿಕ್‌ನದು. ಛಾವಣಿ ಮಡಚುವ ಮೊದಲು ಅದರ ಜಿಪ್ ತೆರೆದು ಕಿಟಕಿಯನ್ನು ಸಮತಟ್ಟಾಗಿ ಮಲಗಿಸದಿದ್ದರೆ ಅದು ಮಡಿಕೆ ಬಿದ್ದು ಸೀಳುತ್ತದೆ.

ಟ್ಯೂನಿಂಗ್

ಎಂಜಿನ್ನಿನ ಆರೋಗ್ಯ ಪರೀಕ್ಷೆ

ಟ್ಯೂನಿಂಗ್‌ಗೆ ಮೊದಲು ಪ್ರತಿ ಸಿಲಿಂಡರಿನ ಸಂಪೀಡನ ಒತ್ತಡವನ್ನು ಅಳೆಯಲಾಗುತ್ತದೆ. ನಾಲ್ಕೂ ಸಿಲಿಂಡರ್‌ಗಳ ಒತ್ತಡ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಅದರೊಳಕ್ಕೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂದೂ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿ ದೋಷವಿದೆ ಎಂದೂ ಊಹಿಸಬಹುದು. ಸ್ಪಾರ್ಕ್ ಪ್ಲಗ್, ಪ್ಲಗ್ ವೈರು, ಏರ್ ಫಿಲ್ಟರ್ ಮತ್ತು ಇಂಧನ ಫಿಲ್ಟರ್‌ಗಳನ್ನು ಈ ಹಂತದಲ್ಲಿಯೇ ಬದಲಿಸಲಾಗುತ್ತದೆ.

ಇಗ್ನಿಷನ್ ಟೈಮಿಂಗ್

ಇಂಧನ ಮತ್ತು ಗಾಳಿಯ ಮಿಶ್ರಣ ಉರಿದು ಮುಗಿಯಲು ಅಲ್ಪ ಸಮಯ ಬೇಕಾಗುವುದರಿಂದ, ಪಿಸ್ಟನ್ ಮೇಲ್ತುದಿ ತಲುಪುವ ಮೊದಲೇ ಕಿಡಿ ಹಾರಿಸಲಾಗುತ್ತದೆ. ಈ ಕಾರಿನಲ್ಲಿ ಕಾರ್ಖಾನೆ ನಿಗದಿಪಡಿಸಿದ ಮೂಲ ಟೈಮಿಂಗ್ ಮೇಲ್ತುದಿಗೆ 10 ಡಿಗ್ರಿ ಮೊದಲು. ಹವ್ಯಾಸಿಗಳು ಅನೇಕ ವೇಳೆ ಇದನ್ನು 14 ಡಿಗ್ರಿಗೆ ಮುಂದೂಡದೆ, ಹಿಂದಕ್ಕೆ ತಂದು, ಅಂದರೆ ಕಿಡಿ ಇನ್ನೂ ಬೇಗ ಹಾರುವಂತೆ ಹೊಂದಿಸುತ್ತಾರೆ. ಇದಕ್ಕೆ ಖರ್ಚಿಲ್ಲ, ಕ್ಯಾಮ್ ಕೋನ ಸಂವೇದಕವನ್ನು ಸಡಿಲಿಸಿ ಸ್ವಲ್ಪ ತಿರುಗಿಸಿದರೆ ಸಾಕು. ಕೆಳ ಮತ್ತು ಮಧ್ಯಮ ವೇಗಗಳಲ್ಲಿ ಎಂಜಿನ್ನಿನ ಸ್ಪಂದನೆ ಚುರುಕಾಗುತ್ತದೆ.

ಹೊಂದಿಸುವಾಗ ಎಂಜಿನ್ ಕೋಣೆಯಲ್ಲಿರುವ ಡಯಾಗ್ನಾಸ್ಟಿಕ್ ಪೆಟ್ಟಿಗೆಯ ಟಿಇಎನ್ ಮತ್ತು ಜಿಎನ್‌ಡಿ ತುದಿಗಳನ್ನು ವೈರಿನಿಂದ ಜೋಡಿಸಿ, ಟೈಮಿಂಗ್ ಲೈಟಿನಿಂದ ಪುಲ್ಲಿಯ ಗುರುತನ್ನು ನೋಡಬೇಕು. ಜೋಡಿಸದಿದ್ದರೆ ಎಂಜಿನ್ ನಿಯಂತ್ರಕ ಕಂಪ್ಯೂಟರ್ ತಾನೇ ಟೈಮಿಂಗನ್ನು ಬದಲಿಸುತ್ತಿರುವುದರಿಂದ ಅಳತೆ ತಪ್ಪಾಗುತ್ತದೆ. 1.6 ಎಂಜಿನ್ನಿನಲ್ಲಿ ನಾಕಿಂಗ್ ಗುರುತಿಸುವ ಸಂವೇದಕವಿಲ್ಲ. ಕಡಿಮೆ ಆಕ್ಟೇನಿನ ಪೆಟ್ರೋಲ್ ಬಳಸಿದಾಗ ಮಿಶ್ರಣ ಕಾಲಕ್ಕೆ ಮೊದಲೇ ಸಿಡಿದರೆ ಎಂಜಿನ್ ತನ್ನನ್ನು ತಾನು ರಕ್ಷಿಸಿಕೊಳ್ಳಲಾರದು. ಆದ್ದರಿಂದ ಟೈಮಿಂಗ್ ಬದಲಿಸಿದ ಕಾರಿಗೆ ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ಅಗತ್ಯ. ಭಾರ ಬಿದ್ದಾಗ ಲೋಹದ ಕಿಣಿಕಿಣಿ ಶಬ್ದ ಕೇಳಿದರೆ ಕೂಡಲೇ ಮೂಲ ಹೊಂದಾಣಿಕೆಗೆ ಮರಳಬೇಕು.

ಚಕ್ರಗಳ ಹೊಂದಾಣಿಕೆ

ಈ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳೆರಡರ ಕೋನಗಳನ್ನೂ ಹೊಂದಿಸಬಹುದು. ಚಕ್ರ ಒಳಕ್ಕೆ ಅಥವಾ ಹೊರಕ್ಕೆ ವಾಲುವ ಕೋನವನ್ನು ಕ್ಯಾಂಬರ್ ಎಂದೂ, ಮೇಲಿನಿಂದ ನೋಡಿದಾಗ ಚಕ್ರ ತಿರುಗಿರುವ ಕೋನವನ್ನು ಟೋ ಎಂದೂ ಕರೆಯುತ್ತಾರೆ. ಹೊಸ ಬುಷ್ ಮತ್ತು ಒಳ್ಳೆಯ ಟೈರ್‌ಗಳಿರುವ ಕಾರಿಗೆ ನಾಲ್ಕು ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದು ಕಡಿಮೆ ವೆಚ್ಚದಲ್ಲಿ ಹೆಚ್ಚು ಫಲ ಕೊಡುವ ಟ್ಯೂನಿಂಗ್ ಎಂದು ಪರಿಗಣಿಸಲಾಗಿದೆ. ಮೂಲ 14 ಇಂಚಿನ ಚಕ್ರಗಳಿಗೆ ಕಾರ್ಖಾನೆ ಸೂಚಿಸಿದ ಗಾಳಿಯ ಒತ್ತಡ 26 ಪಿಎಸ್‌ಐ. ಭಾರವಾದ ಕಾರುಗಳ ರೂಢಿಯಂತೆ ಹೆಚ್ಚು ಗಾಳಿ ತುಂಬಿದರೆ ಹಿಡಿತ ಕಡಿಮೆಯಾಗುತ್ತದೆ.

ಉನ್ನತೀಕರಣ

ಬ್ರೇಕ್ ಮತ್ತು ಚಾಲನಾ ಭಾಗಗಳು

ಕಾರಿನ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಬದಲು 120 ಕಿ.ಮೀ. ವೇಗದಿಂದ ನಿಲ್ಲಿಸಲು ಬ್ರೇಕ್‌ಗಳು ಶೇಕಡಾ 44ರಷ್ಟು ಹೆಚ್ಚು ಶಕ್ತಿಯನ್ನು ಶಾಖವಾಗಿ ಪರಿವರ್ತಿಸಬೇಕಾಗುತ್ತದೆ. ಆದ್ದರಿಂದ ಶಕ್ತಿ ಹೆಚ್ಚಿಸುವ ಮೊದಲು ಬ್ರೇಕ್‌ಗಳನ್ನು ಬಲಪಡಿಸಲಾಗುತ್ತದೆ. 1.6 ಕಾರಿನ ಮುಂದಿನ ಡಿಸ್ಕ್‌ಗಳ ವ್ಯಾಸ 235 ಮಿ.ಮೀ.; 1.8 ಕಾರಿನದು 255 ಮಿ.ಮೀ. ಎರಡನೆಯದರ ಡಿಸ್ಕ್ ಮತ್ತು ಕ್ಯಾಲಿಪರ್ ಭಾಗಗಳು ಮೊದಲನೆಯದಕ್ಕೆ ಹೊಂದುವುದರಿಂದ ಕಂಪನಿಯದೇ ಭಾಗಗಳಿಂದ ಉನ್ನತೀಕರಣ ಸಾಧ್ಯ.

1.6 ಕಾರಿನ ಡಿಫರೆನ್ಷಿಯಲ್ ಚಿಕ್ಕದು. ಹೆಚ್ಚಿನ ಶಕ್ತಿಗೆ ಅದು ದುರ್ಬಲವೆಂದು ಪರಿಗಣಿತವಾಗಿದೆ. 1.8 ಕಾರುಗಳಲ್ಲಿ ದೊಡ್ಡ ಡಿಫರೆನ್ಷಿಯಲ್ ಇದ್ದು, ಕೆಲವು ಮಾದರಿಗಳಲ್ಲಿ ಎರಡು ಚಕ್ರಗಳಿಗೂ ಬಲವನ್ನು ಹಂಚುವ ಟಾರ್ಸೆನ್ ಬಗೆಯದನ್ನು ಅಳವಡಿಸಲಾಗಿತ್ತು. ಇದನ್ನು 1.6 ಕಾರಿಗೆ ಜೋಡಿಸುವಾಗ ಪ್ರೊಪೆಲ್ಲರ್ ಶಾಫ್ಟ್ ಮತ್ತು ಚಕ್ರಗಳಿಗೆ ಹೋಗುವ ಶಾಫ್ಟ್‌ಗಳನ್ನೂ ಹೊಂದುವಂತೆ ಬದಲಿಸಬೇಕು.

ಕೂಲಂಟ್ ಹರಿವಿನ ಬದಲಾವಣೆ

ಈ ಎಂಜಿನ್ ಮೂಲತಃ ಮಾಜ್ದಾದ ಮುಂಚಕ್ರ ಚಾಲನೆಯ 323 ಕಾರುಗಳಲ್ಲಿ ಅಡ್ಡಲಾಗಿ ಕೂರುತ್ತಿದ್ದ ಎಂಜಿನ್ನಿನ ಕುಟುಂಬಕ್ಕೆ ಸೇರಿದ್ದು. ಅಲ್ಲಿ ಕೂಲಂಟ್ ಎಂಜಿನ್ನಿನ ಒಂದು ತುದಿಯಲ್ಲಿ ಒಳಬಂದು ಇನ್ನೊಂದು ತುದಿಯಿಂದ ಹೊರಹೋಗುತ್ತಿತ್ತು. ಎಂಎಕ್ಸ್-5ರಲ್ಲಿ ಎಂಜಿನ್ನನ್ನು ಉದ್ದುದ್ದಕ್ಕೆ ಕೂರಿಸಿದಾಗ ಥರ್ಮೋಸ್ಟಾಟ್ ಮುಂಭಾಗಕ್ಕೆ ಬಂದಿತು. ಹೀಗೆ ಕೂಲಂಟ್ ಮುಂದಿನಿಂದಲೇ ಒಳಬಂದು ಬಹುಪಾಲು ಮುಂದಿನಿಂದಲೇ ಹೊರಹೋಗುತ್ತದೆ. ಹಿಂದಿನ ಸಿಲಿಂಡರ್‌ಗಳು ಹೆಚ್ಚು ಬಿಸಿಯಾಗುತ್ತವೆ. ಸಾಧಾರಣ ಬಳಕೆಯಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಟರ್ಬೊ ಜೋಡಿಸಿದ ಅಥವಾ ರೇಸ್ ಟ್ರ್ಯಾಕ್‌ನಲ್ಲಿ ಓಡುವ ಕಾರುಗಳಲ್ಲಿ ಥರ್ಮೋಸ್ಟಾಟನ್ನು ಹೆಡ್ಡಿನ ಹಿಂಬದಿಗೆ ವರ್ಗಾಯಿಸಿ, ಕೂಲಂಟ್ ಇಡೀ ಎಂಜಿನ್ನಿನ ಮೂಲಕ ಹರಿಯುವಂತೆ ಮಾಡಲಾಗುತ್ತದೆ.

ಟರ್ಬೊ, ಸೂಪರ್‌ಚಾರ್ಜರ್ ಮತ್ತು ಎಂಜಿನ್ ಬದಲಾವಣೆ

ಇದೇ ಕುಟುಂಬದ ಟರ್ಬೊ ಎಂಜಿನ್ ಮಾಜ್ದಾ 323ರ ರ್‍ಯಾಲಿ ಮೂಲದ ಮಾದರಿಯಲ್ಲಿ ಬಳಕೆಯಾಗಿತ್ತು. ಆ ಕಾರಣದಿಂದ 1.6 ಎಂಜಿನ್ನಿನ ಕೆಳಭಾಗ ಸಾಕಷ್ಟು ಬಲವಾಗಿದ್ದು, ಮಿತವಾದ ಟರ್ಬೊ ಒತ್ತಡವನ್ನು ಸಹಿಸುತ್ತದೆ. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿಯೇ ಬ್ರಾಡಿ ಬ್ರಿಟನ್ ರೇಸಿಂಗ್ ಸಂಸ್ಥೆ ಸಿದ್ಧಪಡಿಸಿದ, ಸುಮಾರು 150 ಅಶ್ವಶಕ್ತಿಯ ಟರ್ಬೊ ಮಾರ್ಪಾಡು ಮಾಜ್ದಾ ಮಾರಾಟಗಾರರ ಮೂಲಕವೇ ದೊರೆಯುತ್ತಿತ್ತು.

ಹೆಚ್ಚುವರಿ ಗಾಳಿಗೆ ತಕ್ಕಷ್ಟು ಇಂಧನ ಒದಗಿಸುವುದು ಇಲ್ಲಿನ ಮುಖ್ಯ ಸವಾಲು. ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಟರ್ಬೊ ಒತ್ತಡದಲ್ಲಿ ಮಿಶ್ರಣದಲ್ಲಿ ಇದಕ್ಕಿಂತ ಹೆಚ್ಚು ಪೆಟ್ರೋಲ್ ಇರಬೇಕು. ಇಲ್ಲವಾದರೆ ಉಷ್ಣಾಂಶ ಏರಿ, ನಾಕಿಂಗ್ ಉಂಟಾಗಿ ಪಿಸ್ಟನ್‌ಗಳು ಕರಗಬಹುದು. 1.6 ಎಂಜಿನ್ನಿನ ಮೂಲ ಗಾಳಿಮಾಪಕವು ಗಾಳಿಯ ರಭಸಕ್ಕೆ ತೆರೆದುಕೊಳ್ಳುವ ರೆಕ್ಕೆಯ ಬಗೆಯದು. ಅದು ಪೂರ್ಣ ತೆರೆದ ಮೇಲೆ ಹೆಚ್ಚಿನ ಗಾಳಿಯನ್ನು ಅಳೆಯಲಾರದು. ಆದ್ದರಿಂದ ಒತ್ತಡ ಸಂವೇದಕ ಆಧಾರಿತ ಪ್ರತ್ಯೇಕ ಎಂಜಿನ್ ಕಂಪ್ಯೂಟರ್, ದೊಡ್ಡ ಇಂಜೆಕ್ಟರ್‌ಗಳು ಮತ್ತು ಹೊಗೆಯಲ್ಲಿನ ಆಮ್ಲಜನಕವನ್ನು ವಿಸ್ತೃತ ವ್ಯಾಪ್ತಿಯಲ್ಲಿ ಅಳೆಯುವ ಸಂವೇದಕವನ್ನು ಬಳಸಿ, ಡೈನಮೋಮೀಟರ್ ಮೇಲೆ ಹಂತಹಂತವಾಗಿ ಹೊಂದಿಸಲಾಗುತ್ತದೆ. ಒತ್ತಡ ಮಿತಿ ಮೀರಿದರೆ ಕನೆಕ್ಟಿಂಗ್ ರಾಡ್‌ಗಳು ಬಾಗುತ್ತವೆ. ಗೇರ್‌ಬಾಕ್ಸ್ ಕೂಡ ದುರ್ಬಲ ಕೊಂಡಿಯಾಗುತ್ತದೆ.

1.6 ಕಾರಿಗೆ 1.8 ಎಂಜಿನ್ ಜೋಡಿಸುವುದು ಇದಕ್ಕಿಂತ ಸರಳವಾದ ಮಾರ್ಗ. ಅಮೆರಿಕದಲ್ಲಿ ವಿ8 ಎಂಜಿನ್‌ಗಳನ್ನು ಅಳವಡಿಸಿದ ಕಾರುಗಳೂ ಇವೆ. ಅಂಥ ಕಾರುಗಳು ಅತಿ ವೇಗವಾಗಿ ಓಡುತ್ತವೆಯಾದರೂ ದೇಹ, ಬ್ರೇಕ್, ಚಾಲನಾ ಭಾಗಗಳೆಲ್ಲವನ್ನೂ ಮರುರೂಪಿಸಬೇಕಾಗುತ್ತದೆ.

ಸುರಕ್ಷತೆ ಮತ್ತು ಕಾನೂನು

ಮೇಲ್ಛಾವಣಿ ಬಟ್ಟೆಯದಾದ್ದರಿಂದ ಕಾರು ಮಗುಚಿದರೆ ತಲೆಗೆ ರಕ್ಷಣೆ ಕಡಿಮೆ. ಟ್ರ್ಯಾಕ್‌ನಲ್ಲಿ ಓಡಿಸುವ ಕಾರುಗಳಿಗೆ ಆಸನಗಳ ಹಿಂದೆ ಉಕ್ಕಿನ ರೋಲ್ ಬಾರ್ ಜೋಡಿಸಲಾಗುತ್ತದೆ. ಕಾರಿನ ಕೆಳಗೆ ಕೆಲಸ ಮಾಡುವಾಗ ಜ್ಯಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕಾರನ್ನು ನಿಲ್ಲಿಸುವುದು ಮೂಲಭೂತ ನಿಯಮ.

ಮಾರ್ಪಾಡಿನ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿವೆ. ಜಪಾನಿನಲ್ಲಿ "ಶಾಕೆನ್" ಎಂಬ ನಿಯತಕಾಲಿಕ ತಪಾಸಣೆ ಕಡ್ಡಾಯ. ಬ್ರಿಟನ್ನಿನಲ್ಲಿ ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ದೇಹದ ಬಲವನ್ನು ಕುಂದಿಸುವ ತುಕ್ಕು ಕಂಡುಬಂದರೆ ಕಾರು ಅನುತ್ತೀರ್ಣವಾಗುತ್ತದೆ. ಜರ್ಮನಿಯಲ್ಲಿ ಪ್ರಮುಖ ಮಾರ್ಪಾಡುಗಳಿಗೆ ಅಧಿಕೃತ ತಪಾಸಣಾ ಸಂಸ್ಥೆಯ ಒಪ್ಪಿಗೆ ಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು.

ಮೂಲರೂಪದ ಸಂರಕ್ಷಣೆ

ಹಲವು ವರ್ಷಗಳ ಕಾಲ ಈ ಕಾರು ಅಗ್ಗವಾಗಿ ದೊರೆಯುತ್ತಿದ್ದುದರಿಂದ ಹೆಚ್ಚು ಯೋಚಿಸದೆ ಕತ್ತರಿಸಿ ಮಾರ್ಪಡಿಸಿದವರೂ ಇದ್ದರು. ಮೂಲರೂಪದಲ್ಲಿ ಉಳಿದ ಕಾರುಗಳು ವಿರಳವಾಗುತ್ತಿದ್ದಂತೆ ಅಭಿಪ್ರಾಯ ಬದಲಾಗಿದೆ. ಹಿಂದಿರುಗಿಸಬಹುದಾದ ಮಾರ್ಪಾಡುಗಳನ್ನು ಮಾತ್ರ ಮಾಡುವುದು, ತೆಗೆದ ಮೂಲ ಭಾಗಗಳನ್ನು ಕಾಪಾಡುವುದು ಮತ್ತು ನಡೆದ ಕೆಲಸದ ದಿನಾಂಕ, ಕಿಲೋಮೀಟರ್, ಬಳಸಿದ ಭಾಗಗಳ ದಾಖಲೆ ಇಡುವುದು ಉತ್ತಮ ಪದ್ಧತಿಯೆನಿಸಿದೆ. ಮುಂದಿನ ಮಾಲೀಕರು ಅಥವಾ ಮೆಕ್ಯಾನಿಕ್‌ಗಳಿಗೆ ಕಾರಿನ ಸ್ಥಿತಿ ತಿಳಿಯುವುದು ಇಂಥ ದಾಖಲೆಯಿಂದಲೇ.

2017ರಲ್ಲಿ ಮಾಜ್ದಾ ಕಂಪನಿಯೇ ಜಪಾನಿನಲ್ಲಿ ಮೊದಲ ತಲೆಮಾರಿನ ಕಾರುಗಳ ಪುನರುಜ್ಜೀವನ ಸೇವೆಯನ್ನು ಘೋಷಿಸಿತು. ಮಾಲೀಕರು ತಮ್ಮ ಕಾರನ್ನು ಕಂಪನಿಗೆ ಒಪ್ಪಿಸಿದರೆ ಅದನ್ನು ಮೂಲ ಸ್ಥಿತಿಗೆ ಹತ್ತಿರವಾಗಿ ಮರಳಿಸುವುದು ಈ ಸೇವೆಯ ಉದ್ದೇಶ. ಇದಕ್ಕಾಗಿ ತಯಾರಿಕೆ ನಿಂತುಹೋಗಿದ್ದ ಮೇಲ್ಛಾವಣಿ, ನಾರ್ಡಿ ಕಂಪನಿಯ ಮರದ ಸ್ಟೀರಿಂಗ್ ಚಕ್ರ ಮತ್ತು ಗೇರ್ ಹಿಡಿಕೆ, ಬ್ರಿಜ್‌ಸ್ಟೋನ್ ಕಂಪನಿಯ ಮೂಲ ಮಾದರಿಯ ಟೈರ್ ಮೊದಲಾದವುಗಳನ್ನು ಮತ್ತೆ ತಯಾರಿಸಲಾಯಿತು. ಮರುತಯಾರಾದ ಭಾಗಗಳಿಂದ, ತಾವೇ ದುರಸ್ತಿ ಮಾಡಿಕೊಳ್ಳುವ ಮಾಲೀಕರಿಗೂ ಈ ಕಾರುಗಳನ್ನು ರಸ್ತೆಯ ಮೇಲೆ ಉಳಿಸಿಕೊಳ್ಳುವುದು ಸುಲಭವಾಗಿದೆ.